ಡೆಡ್‌ಬೋಲ್ಟ್ ಕೊಳ್ಳುವ ಮುನ್ನ ಬಾಗಿಲ ಚೌಕಟ್ಟನ್ನು ನೋಡಿ: ಓದುಗರ ಪ್ರಶ್ನೆಗಳಿಗೆ ಬೀಗ ತಜ್ಞರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ: ಯಾವ ಕಂಪನಿಯ ಬೀಗ ಒಳ್ಳೆಯದು, ಎಷ್ಟು ಬೆಲೆಯದನ್ನು ತಂದರೆ ನಿಶ್ಚಿಂತೆಯಿಂದ ಮಲಗಬಹುದು? ಬೀಗ ಕೂರುವ ಚೌಕಟ್ಟಿನ ಬಗ್ಗೆಯಾಗಲಿ, ಅದನ್ನು ಹಿಡಿದಿಡುವ ಸ್ಕ್ರೂಗಳ ಉದ್ದದ ಬಗ್ಗೆಯಾಗಲಿ ಕೇಳುವವರು ತೀರಾ ವಿರಳ. ಹಿಂದೆ ಉತ್ತರಿಸಿದ ಮೇಲೂ ಅದೇ ಪ್ರಶ್ನೆಗಳು ಮರಳಿ ಬರುತ್ತಿರುವುದರಿಂದ ಈ ಸಲ ಒಂದು ಪ್ರಶ್ನೆಗೆ ವಿಸ್ತಾರವಾಗಿಯೂ ಉಳಿದವಕ್ಕೆ ಚುಟುಕಾಗಿಯೂ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮುಂಬಾಗಿಲಿಗೆ ದುಬಾರಿ ಡೆಡ್‌ಬೋಲ್ಟ್ (ಕೀಲಿ ಅಥವಾ ಒಳಗಿನ ನಾಬ್ ತಿರುಗಿಸಿದಾಗ ಲೋಹದ ಬೋಲ್ಟ್ ಚೌಕಟ್ಟಿನ ತೂತಿನೊಳಕ್ಕೆ ಚಾಚುವ ಬೀಗ) ಹಾಕಿಸಿ ಎರಡು ತಿಂಗಳಾಯಿತು. ಬಾಗಿಲನ್ನು ಎಳೆದು ಹಿಡಿಯದಿದ್ದರೆ ಕೀಲಿ ಪೂರ್ತಿ ತಿರುಗುವುದಿಲ್ಲ. ಹಾಕಿಕೊಟ್ಟವರು ಬೋಲ್ಟಿನ ತುದಿಯನ್ನು ಅರದಿಂದ ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಉಜ್ಜಿಸಲೇ, ಅಥವಾ ಇದಕ್ಕಿಂತ ಒಳ್ಳೆಯ ಬೀಗ ತರಲೇ?

ಉತ್ತರ: ಎರಡೂ ಬೇಡ. ಬೋಲ್ಟಿಗೆ ಅರ ಹಚ್ಚುವ ಸಲಹೆ ಕೊಟ್ಟವರನ್ನು ದಯವಿಟ್ಟು ಮತ್ತೆ ಕರೆಸಬೇಡಿ. ಅದು ಬೀಗದ ಕೆಲಸ ಬಲ್ಲವರು ಆಡುವ ಮಾತಲ್ಲ. ಹಣ ಕೊಟ್ಟು ತಂದ ಬೀಗದಲ್ಲಿ ಮುಖ್ಯವಾದ ಲೋಹವೆಂದರೆ ಆ ಬೋಲ್ಟೇ. ಅದನ್ನು ಸವೆಸಿದರೆ ಬೀಗ ಸಲೀಸಾಗಿ ತಿರುಗಬಹುದು, ಆದರೆ ಅದು ತಡೆಯಬೇಕಾದ ಬಲವನ್ನು ತಡೆಯುವ ಶಕ್ತಿ ಅಷ್ಟರಮಟ್ಟಿಗೆ ಕುಗ್ಗುತ್ತದೆ, ಮತ್ತು ಬಾಗಿಲು ಇನ್ನೊಂದಿಷ್ಟು ಜೋತ ದಿನ ನೀವು ಇದೇ ಪ್ರಶ್ನೆಯನ್ನು ಹಿಡಿದು ಮತ್ತೆ ಬರಬೇಕಾಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ, ಇದಕ್ಕೆ ಯಾವ ಉಪಕರಣವೂ ಬೇಡ. ಬಾಗಿಲನ್ನು ತೆರೆದಿಟ್ಟುಕೊಂಡು ಒಳಬದಿಯ ನಾಬನ್ನು ಕೊನೆಯವರೆಗೆ ತಿರುಗಿಸಿ, ಹೊರಬಂದ ಬೋಲ್ಟನ್ನು ಹೆಬ್ಬೆರಳಿನಿಂದ ಜೋರಾಗಿ ಒಳಕ್ಕೆ ಒತ್ತಿ. ಅದು ಕದಲುವುದಿಲ್ಲ. ಈಗ ನಾಬನ್ನು ಅರ್ಧಕ್ಕೆ ನಿಲ್ಲಿಸಿ ಅದೇ ರೀತಿ ಒತ್ತಿ ನೋಡಿ, ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಡೆಡ್‌ಬೋಲ್ಟಿನ ಗುಟ್ಟೆಲ್ಲ ಇಷ್ಟರಲ್ಲೇ ಇದೆ: ಪೂರ್ತಿ ಹೊರಚಾಚಿದಾಗ ಮಾತ್ರ ಅದರೊಳಗಿನ ಯಂತ್ರ ಬೋಲ್ಟನ್ನು ಹಿಂದೆ ಸರಿಯದಂತೆ ಕಟ್ಟಿಹಾಕುತ್ತದೆ, ಮುಕ್ಕಾಲು ಚಾಚಿದ ಬೋಲ್ಟ್ ಹಾಕಿದಂತೆ ಕಾಣುತ್ತದೆಯೇ ಹೊರತು ಬಂದೋಬಸ್ತು ಕೊಡುವುದಿಲ್ಲ. ಇನ್ನು ಬಾಗಿಲು ಮುಚ್ಚಿ ಬೀಗ ಹಾಕಿ. ಬಾಗಿಲು ತೆರೆದಿದ್ದಾಗ ನಾಬ್ ಎಲ್ಲಿ ನಿಂತಿತ್ತೋ ಅದೇ ಜಾಗಕ್ಕೆ ಬಂದು ನಿಲ್ಲದಿದ್ದರೆ, ನಿಮ್ಮ ಮನೆ ಇಷ್ಟು ದಿನ ಅರೆಬೀಗದಲ್ಲಿತ್ತು ಎಂದೇ ತಿಳಿಯಿರಿ.

ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಮೊದಲನೆಯದು, ಚೌಕಟ್ಟಿನಲ್ಲಿ ಕೊರೆದ ತೂತು ಸಾಕಷ್ಟು ಆಳವಿಲ್ಲದಿರುವುದು. ಒಳ್ಳೆಯ ಡೆಡ್‌ಬೋಲ್ಟ್ ಸುಮಾರು 25 ಮಿಲಿಮೀಟರ್ ಹೊರಚಾಚುತ್ತದೆ, ಹಾಗಾಗಿ ತೂತು ಅದಕ್ಕಿಂತ ಕೆಲವು ಮಿಲಿಮೀಟರ್ ಹೆಚ್ಚೇ ಆಳವಿರಬೇಕು. ಅವಸರದಲ್ಲಿ ಕೆಲಸ ಮುಗಿಸುವವರು ಉಳಿಯಿಂದ 15 ಮಿಲಿಮೀಟರಿನಷ್ಟು ಕೆತ್ತಿ, ಮೇಲೊಂದು ಹೊಳೆಯುವ ಪಟ್ಟಿ ಕೂರಿಸಿ, ಹಣ ಪಡೆದು ಹೋಗಿಬಿಡುತ್ತಾರೆ, ಪಟ್ಟಿಯ ಹಿಂದೆ ಏನಿದೆಯೆಂದು ಯಾರೂ ಇಣುಕಿ ನೋಡುವುದಿಲ್ಲ. ಎರಡನೆಯದು, ಬಾಗಿಲು ಜೋತಿರುವುದು ಅಥವಾ ತೇವದ ದಿನಗಳಲ್ಲಿ ಮರ ಉಬ್ಬಿರುವುದು. ಎಳೆದು ಹಿಡಿದರೆ ಕೀಲಿ ತಿರುಗುತ್ತದೆ ಎಂಬ ನಿಮ್ಮ ಮಾತಿನಿಂದ ನಿಮ್ಮದು ಈ ಬಗೆಯ ತೊಂದರೆಯೆಂದು ತೋರುತ್ತದೆ. ಬೋಲ್ಟಿನ ತುದಿಗೆ ಸೀಮೆಸುಣ್ಣ ಬಳಿದು, ಬಾಗಿಲನ್ನು ಎಳೆಯದೆ ಸಹಜವಾಗಿ ಮುಚ್ಚಿ, ತಿರುಗಿದಷ್ಟು ತಿರುಗಿಸಿದರೆ ಅದು ಪಟ್ಟಿಯ ಯಾವ ಅಂಚಿಗೆ ತಾಗುತ್ತಿದೆಯೆಂಬುದು ಗುರುತಿನಿಂದಲೇ ಗೊತ್ತಾಗುತ್ತದೆ. ಗುರುತು ಕೆಳ ಅಂಚಿನಲ್ಲಿದ್ದರೆ ಬಾಗಿಲು ಜೋತಿದೆ. ಆಗ ಮೇಲಿನ ಹಿಂಜಿನ ಸಡಿಲವಾದ ಸ್ಕ್ರೂಗಳನ್ನು ತೆಗೆದು ಉದ್ದದ ಸ್ಕ್ರೂ ಹಾಕಿ ಬಾಗಿಲನ್ನು ಮೇಲೆತ್ತಬೇಕು. ಗುರುತು ಪಕ್ಕದ ಅಂಚಿನಲ್ಲಿದ್ದರೆ ಪಟ್ಟಿಯನ್ನು ಬಿಚ್ಚಿ ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಬೇಕು. ಅರ ಹಚ್ಚಲೇಬೇಕೆಂದಿದ್ದರೆ ಪಟ್ಟಿಯ ಅಂಚಿಗೆ ಹಚ್ಚಿ, ಅದೂ ಕೂದಲೆಳೆಯಷ್ಟು, ಏಕೆಂದರೆ ತೂತು ಅಗಲವಾದರೆ ಬಾಗಿಲು ಗಡಗಡ ಅಲುಗಾಡುತ್ತದೆ.

ನೀವು ಕೇಳದೇ ಬಿಟ್ಟ ವಿಷಯ ಇದಕ್ಕಿಂತ ಮುಖ್ಯವಾದದ್ದು, ಅದನ್ನೂ ಹೇಳಿಬಿಡುತ್ತೇನೆ. ಬಾಗಿಲನ್ನು ಬಲದಿಂದ ಒಡೆಯಲು ಬಂದವನು ಬೀಗದ ಯಂತ್ರದ ಗೊಡವೆಗೇ ಹೋಗುವುದಿಲ್ಲ, ಬೀಗದ ಪಕ್ಕದಲ್ಲಿ ಕಾಲಿನಿಂದ ಒದೆಯುತ್ತಾನೆ. ಆ ಹೊಡೆತದ ಬಲ ಬಾಗಿಲಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಸ್ಟ್ರೈಕ್ ಪ್ಲೇಟಿಗೆ, ಅಂದರೆ ಚೌಕಟ್ಟಿಗೆ ಬಡಿದ ಆ ಪಟ್ಟಿಗೆ, ಅಲ್ಲಿಂದ ಅದರ ಎರಡು ಸ್ಕ್ರೂಗಳಿಗೆ ಸಾಗುತ್ತದೆ. ಬೀಗದ ಡಬ್ಬಿಯಲ್ಲಿ ಬರುವ ಸ್ಕ್ರೂಗಳು ಎಷ್ಟೋ ಸಲ 20 ಮಿಲಿಮೀಟರ್ ಕೂಡ ಇರುವುದಿಲ್ಲ, ಅವು ಕಚ್ಚಿಕೊಳ್ಳುವುದು ಚೌಕಟ್ಟಿನ ಮೇಲ್ಪದರವನ್ನು ಮಾತ್ರ. ಒದೆತ ಬಿದ್ದಾಗ ಮರ ತನ್ನ ಎಳೆಯ ಉದ್ದಕ್ಕೆ ಸೀಳಿಕೊಂಡು ಪಟ್ಟಿ ಕಿತ್ತುಬರುತ್ತದೆ. ಬೀಗ ಮಾತ್ರ ಬಾಗಿಲಿನಲ್ಲಿ ಹೊಸದರಂತೆ, ಬೋಲ್ಟ್ ಚಾಚಿಕೊಂಡು, ಒಂದು ಗೀರೂ ಇಲ್ಲದೆ ಹಾಗೇ ಇರುತ್ತದೆ. ಒಡೆದ ಬಾಗಿಲುಗಳನ್ನು ರಿಪೇರಿ ಮಾಡಲು ಹೋದಾಗಲೆಲ್ಲ ನಾನು ಕಾಣುವುದು ಈ ದೃಶ್ಯವನ್ನೇ, ಮತ್ತು ಮನೆಯವರು ಪ್ರತಿ ಸಲ ಬೈಯುವುದು ಬೀಗದ ಕಂಪನಿಯನ್ನೇ.

ಆದ್ದರಿಂದ ಡಬ್ಬಿಯ ಸ್ಕ್ರೂಗಳನ್ನು ಪಕ್ಕಕ್ಕಿಟ್ಟು ಕನಿಷ್ಠ 75 ಮಿಲಿಮೀಟರ್ ಉದ್ದದ ಗಟ್ಟಿ ಉಕ್ಕಿನ ಸ್ಕ್ರೂಗಳನ್ನು ಬಳಸಿ. ಅವು ಚೌಕಟ್ಟನ್ನು ದಾಟಿ ಹಿಂದಿನ ಕಂಬವನ್ನೋ ಗೋಡೆಯನ್ನೋ ಹಿಡಿಯಬೇಕು. ಹಿಂದೆ ಇರುವುದು ಇಟ್ಟಿಗೆ ಅಥವಾ ಕಾಂಕ್ರೀಟ್ ಆಗಿದ್ದರೆ ಬರೀ ಮರದ ಸ್ಕ್ರೂ ಸಾಲದು, ಚೌಕಟ್ಟಿನ ಮೂಲಕ ಗೋಡೆಯೊಳಕ್ಕೆ ಆಂಕರ್ ಫಾಸ್ಟನರ್, ಅಂದರೆ ಬಿಗಿದಂತೆ ತೂತಿನೊಳಗೆ ಹಿಗ್ಗಿ ಗೋಡೆಯನ್ನು ಹಿಡಿಯುವ ಬೋಲ್ಟ್, ಹಾಕಬೇಕು. ಚೌಕಟ್ಟಿಗೂ ಗೋಡೆಗೂ ನಡುವೆ ಟೊಳ್ಳಿದ್ದರೆ ಬೀಗವಿರುವ ಎತ್ತರದಲ್ಲಾದರೂ ಅದನ್ನು ಭರ್ತಿ ಮಾಡಿಸಿ. ಎರಡು ಸ್ಕ್ರೂಗಳ ಚಿಕ್ಕ ಪಟ್ಟಿಯ ಬದಲು, ನಾಲ್ಕು ಅಥವಾ ಹೆಚ್ಚು ಸ್ಕ್ರೂಗಳು ಒಂದೇ ಗೆರೆಯಲ್ಲಿ ಬಾರದಂತೆ ಹಿಂದುಮುಂದಾಗಿ ತೂತುಗಳಿರುವ ಉದ್ದನೆಯ, ದಪ್ಪ ಪಟ್ಟಿಯನ್ನು ಆರಿಸಿ. ಸ್ಕ್ರೂಗಳೆಲ್ಲ ಮರದ ಒಂದೇ ಎಳೆಯ ಮೇಲೆ ಬಿದ್ದರೆ ಆ ಎಳೆಯನ್ನು ಸೀಳಿಕೊಡುವ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಸ್ಕ್ರೂ ತಿರುಗಿಸುವ ಮೊದಲು ಸಣ್ಣ ಡ್ರಿಲ್ಲಿನಿಂದ ದಾರಿತೂತು ಕೊರೆಯಬೇಕೆಂಬುದನ್ನು ನಿಮ್ಮ ಬಡಗಿಗೆ ಹೇಳಿಕೊಡಬೇಕಾದ ಸ್ಥಿತಿ ಬಂದರೆ ಬಡಗಿಯನ್ನೇ ಬದಲಿಸಿ.

ಬಾಗಿಲೂ ಅಷ್ಟೇ ಮುಖ್ಯ. ಡೆಡ್‌ಬೋಲ್ಟಿಗೆ ಬಾಗಿಲಿನಲ್ಲಿ ಸುಮಾರು 54 ಮಿಲಿಮೀಟರ್ ಅಗಲದ ತೂತು ಕೊರೆಯಬೇಕಾಗುತ್ತದೆ. ಅಂಚಿನಿಂದ ಆ ತೂತಿನ ಕೇಂದ್ರಕ್ಕೆ ಇರಬೇಕಾದ ದೂರ ಸಾಮಾನ್ಯವಾಗಿ 60 ಅಥವಾ 70 ಮಿಲಿಮೀಟರ್, ನೀವು ಕೊಳ್ಳುವ ಬೀಗ ಯಾವ ಅಳತೆಯದೆಂದು ನೋಡಿಯೇ ಗುರುತು ಹಾಕಬೇಕು. ಒಳಗೆ ಟೊಳ್ಳಿರುವ ಬಾಗಿಲಿಗೆ ಅಷ್ಟು ದೊಡ್ಡ ತೂತು ಕೊರೆದು ಉತ್ತಮ ಬೀಗ ಕೂರಿಸುವುದು ಹಣ ಹಾಳುಮಾಡುವ ಕೆಲಸ. ಅಲ್ಲಿ ಮೊದಲು ಬಾಗಿಲು ಬದಲಾಗಬೇಕು. ಗಟ್ಟಿ ಮರದ ಬಾಗಿಲಾದರೆ ಬೀಗದ ಸುತ್ತ ಅಂಚನ್ನು ಬಳಸಿ ಹಿಡಿಯುವ ಲೋಹದ ಕವಚವೊಂದನ್ನು ಹಾಕಿಸಿದರೆ ಮರ ಸೀಳುವ ಭಯ ಬಹಳ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬೀಗದ ದರ್ಜೆಯ ಮಾತು. ಅಮೆರಿಕದ ಆನ್ಸಿ-ಬಿಎಚ್‌ಎಂಎ ಮಾನದಂಡದಲ್ಲಿ ಗ್ರೇಡ್ 1 ಎಲ್ಲಕ್ಕಿಂತ ಮೇಲಿನದು, ಗ್ರೇಡ್ 3 ಕೆಳಗಿನದು. ಎಷ್ಟು ಸಲ ತೆರೆದು ಮುಚ್ಚಿದರೆ ಬಾಳುತ್ತದೆ, ಎಂಥ ಹೊಡೆತವನ್ನು ತಾಳುತ್ತದೆ ಎಂಬ ಪರೀಕ್ಷೆಗಳ ಮೇಲೆ ಆ ದರ್ಜೆ ನಿಂತಿದೆ. ಹೊರಬಾಗಿಲಿಗೆ ಗ್ರೇಡ್ 1 ಅಥವಾ 2 ತೆಗೆದುಕೊಳ್ಳಿ. ಆದರೆ ಗಟ್ಟಿ ಚೌಕಟ್ಟಿನಲ್ಲಿ ಸರಿಯಾಗಿ ಕೂತ ಗ್ರೇಡ್ 3 ಬೀಗವನ್ನೂ, ಚಿಕ್ಕ ಸ್ಕ್ರೂಗಳ ಮೇಲೆ ನೇತಾಡುವ ಗ್ರೇಡ್ 1 ಬೀಗವನ್ನೂ ನನ್ನ ಮುಂದಿಟ್ಟು ಯಾವುದು ಬೇಕೆಂದರೆ ನಾನು ಅನುಮಾನಿಸದೆ ಮೊದಲನೆಯದನ್ನೇ ಆರಿಸುತ್ತೇನೆ.

ಪ್ರಶ್ನೆ: ಯಾರಿಂದಲೂ ತೆರೆಯಲಾಗದ ಬೀಗವೆಂದು ಜಾಹೀರಾತು ನೋಡಿದೆ. ಬಂಪ್ ಕೀಲಿಯ (ಬೀಗದೊಳಗಿಟ್ಟು ತಟ್ಟಿ ಪಿನ್ನುಗಳನ್ನು ಜಿಗಿಸಿ ತೆರೆಯುವ ಕೀಲಿ) ವಿಡಿಯೊಗಳನ್ನು ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಅದನ್ನು ತರಬಹುದೇ?

ಉತ್ತರ: ಹಾಗೆಂದು ಹೇಳಿ ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾ ಅವರ ಅಂಗಡಿಯ ಕಿಟಕಿಯಲ್ಲಿ, ಇದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ (ಬ್ರಿಟನ್ನಿನ ಹಳೆಯ ನಾಣ್ಯ) ಬಹುಮಾನ ಎಂಬ ಸವಾಲಿನೊಂದಿಗೆ ಬೀಗವೊಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇತ್ತು. 1851ರಲ್ಲಿ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಿ ಅದನ್ನು ತೆರೆದರು. ಬೀಗ ಕೊಡುವುದು ವಿಳಂಬವನ್ನು, ಬ್ರಾಮಾ ಬೀಗ ಅದನ್ನು ಧಾರಾಳವಾಗಿಯೇ ಕೊಟ್ಟಿತು. ಬಂಪ್ ಕೀಲಿಯ ಅಪಾಯ ಸುಳ್ಳಲ್ಲ, ಅಗ್ಗದ ಪಿನ್ ಟಂಬ್ಲರ್ ಬೀಗಗಳಲ್ಲಿ, ಅಂದರೆ ಕೀಲಿಯ ಹಲ್ಲುಗಳು ಒಳಗಿನ ಪಿನ್ನುಗಳನ್ನು ಸರಿಯಾದ ಎತ್ತರಕ್ಕೆ ಎತ್ತಿದಾಗ ತೆರೆಯುವ ಬೀಗಗಳಲ್ಲಿ, ಅದು ನಡೆಯುತ್ತದೆ. ಕೀಲಿಯಿಲ್ಲದೆ ಎತ್ತಲು ಹೋದರೆ ಸಿಕ್ಕಿಕೊಳ್ಳುವ ಸೆಕ್ಯುರಿಟಿ ಪಿನ್, ಪಕ್ಕದಿಂದ ಇನ್ನೊಂದು ತಡೆ ಒಡ್ಡುವ ಸೈಡ್‌ಬಾರ್, ಡ್ರಿಲ್ ತಡೆಯುವ ಗಟ್ಟಿ ಉಕ್ಕಿನ ತುಣುಕುಗಳಿರುವ ಸಿಲಿಂಡರ್ (ಬೀಗದಲ್ಲಿ ಕೀಲಿ ಹೋಗುವ ಭಾಗ) ಆರಿಸಿದರೆ ಆ ಕೆಲಸ ಕಷ್ಟವಾಗುತ್ತದೆ. ಆದರೆ ವಿಡಿಯೊದಲ್ಲಿ ಬೀಗ ಮೇಜಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಪರಿಣತರ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಬಾಗಿಲಿಗೆ ಒದೆತದ ಭಯವೇ ಹೆಚ್ಚು.

ಪ್ರಶ್ನೆ: ಬಾಗಿಲಿನ ಪಕ್ಕದಲ್ಲೇ ಗಾಜಿನ ಕಿಟಕಿಯಿದೆ. ಗಾಜು ಒಡೆದು ಕೈ ಹಾಕಿ ನಾಬ್ ತಿರುಗಿಸಬಹುದೆಂದು ಒಳಗೂ ಹೊರಗೂ ಕೀಲಿಯಿರುವ ಬೀಗ ಹಾಕಿಸೋಣವೆಂದಿದ್ದೇವೆ.

ಉತ್ತರ: ಹಾಕಿಸಬೇಡಿ. ರಾತ್ರಿ ಬೆಂಕಿ ಬಿದ್ದು ಮನೆ ಹೊಗೆಯಿಂದ ತುಂಬಿದಾಗ ಕತ್ತಲಲ್ಲಿ ಕೀಲಿ ಹುಡುಕುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು. ಕೀಲಿಯನ್ನು ಸದಾ ಬಾಗಿಲ ಬಳಿಯೇ ತೂಗುಹಾಕುತ್ತೇವೆ ಎನ್ನುವವರಿಗೆ ಹೇಳುವುದಿಷ್ಟೇ: ಹಾಗಾದರೆ ಕಿಟಕಿಯಿಂದ ಕೈ ಹಾಕಿದವನಿಗೂ ಅದು ಸಿಗುತ್ತದೆ. ಗಾಜಿಗೆ ಸೆಕ್ಯುರಿಟಿ ಫಿಲ್ಮ್ ಅಂಟಿಸಿ, ಅಥವಾ ಲ್ಯಾಮಿನೇಟೆಡ್ ಗಾಜು ಹಾಕಿಸಿ, ಅಥವಾ ಒಳಗಿನಿಂದ ಜಾಲರಿ ಬಿಗಿಯಿಸಿ. ಬಾಗಿಲು ಮಾತ್ರ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಲಿ.

ಪ್ರಶ್ನೆ: ಬೀಗ ಬಿಗಿಯಾಗಿದೆ. ಅಡುಗೆ ಎಣ್ಣೆ ಬಿಡಬಹುದೇ?

ಉತ್ತರ: ಬಿಡಬಾರದು. ಅದು ಧೂಳನ್ನು ಹಿಡಿದು ಪಿನ್ನುಗಳ ಮೇಲೆ ಅಂಟಾಗುತ್ತದೆ, ಒಣ ಗ್ರಾಫೈಟ್ ಪುಡಿ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಬಳಸಿ.

ಪ್ರಶ್ನೆ: ಸ್ಮಾರ್ಟ್ ಲಾಕ್ ಹಾಕಿದರೆ ಈ ತಲೆನೋವೆಲ್ಲ ತಪ್ಪುತ್ತದಲ್ಲವೇ?

ಉತ್ತರ: ತಪ್ಪುವುದಿಲ್ಲ. ಕೈಯಿಂದಲೇ ಸಲೀಸಾಗಿ ಹೊರಬಾರದ ಬೋಲ್ಟನ್ನು ಚಿಕ್ಕ ಮೋಟಾರು ತಳ್ಳಲಾರದು, ಮೇಲೆ ಬರೆದ ಚೌಕಟ್ಟಿನ ಕೆಲಸವನ್ನು ಮೊದಲು ಮುಗಿಸಿ.

ಪ್ರಶ್ನೆ: ನಮ್ಮದು ಚಿಕ್ಕ ವ್ಯಾಪಾರ ಮಳಿಗೆ. ಮುಂದೆ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಬಾಗಿಲು, ಹಿಂದೆ ಸರಕು ಇಳಿಸುವ ಬಾಗಿಲು. ಹಿಂಬಾಗಿಲಿನಿಂದ ಸಾಮಾನು ಕಳವಾಗುತ್ತಿರುವ ಅನುಮಾನವಿರುವುದರಿಂದ ಹಗಲಿನಲ್ಲೂ ಅದಕ್ಕೆ ಡೆಡ್‌ಬೋಲ್ಟ್ ಹಾಕಿ ಕೀಲಿಯನ್ನು ನನ್ನ ಬಳಿಯೇ ಇಟ್ಟುಕೊಳ್ಳಬಹುದೇ?

ಉತ್ತರ: ಖಂಡಿತವಾಗಿಯೂ ಕೂಡದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲೊಂದಕ್ಕೆ ಬೀಗ ಬಿದ್ದಿತ್ತು, ಆ ದಿನ 146 ಮಂದಿ ಪ್ರಾಣ ಕಳೆದುಕೊಂಡರು. ಕೆಲಸಗಾರರು ಸಾಮಾನು ಕದ್ದೊಯ್ಯದಂತೆ ನೋಡಿಕೊಳ್ಳುವುದು ಆ ಬೀಗದ ಹಿಂದಿನ ಉದ್ದೇಶವಾಗಿತ್ತು. ನಿಮ್ಮ ಉದ್ದೇಶವೂ ಅದೇ ಆಗಿರುವುದರಿಂದ ಇಷ್ಟು ನಿಷ್ಠುರವಾಗಿ ಬರೆಯುತ್ತಿದ್ದೇನೆ. ಒಳಗೆ ಜನರಿರುವಷ್ಟು ಹೊತ್ತು ಆ ಬಾಗಿಲು ಒಳಗಿನಿಂದ ಒಮ್ಮೆ ತಳ್ಳಿದರೆ ತೆರೆಯಬೇಕು. ಅದಕ್ಕೆಂದೇ ಅಡ್ಡಪಟ್ಟಿಯನ್ನು ಒತ್ತಿದರೆ ತೆರೆಯುವ ಪ್ಯಾನಿಕ್ ಬಾರ್ ಇದೆ. ಹೊರಗಿನಿಂದ ಅದು ಬೀಗ ಹಾಕಿದಂತೆಯೇ ಇರುತ್ತದೆ. ಕಳವಿನ ಅನುಮಾನಕ್ಕೆ, ಬಾಗಿಲು ತೆರೆದೊಡನೆ ಕೂಗುವ ಅಲಾರಂ ಜೋಡಿಸಿ.

ಮುಂಬಾಗಿಲಿನ ಅಲ್ಯೂಮಿನಿಯಂ ಪಟ್ಟಿ ಕಿರಿದಾಗಿರುವುದರಿಂದ ಮನೆಯ ಡೆಡ್‌ಬೋಲ್ಟ್ ಅಲ್ಲಿ ಕೂರುವುದಿಲ್ಲ. ಅಂಥ ಬಾಗಿಲುಗಳಿಗೆಂದೇ ಒಳಗಿನಿಂದ ಮೇಲಕ್ಕೆ ತಿರುಗಿ ಹೊರಚಾಚುವ ಉದ್ದನೆಯ ಬೋಲ್ಟಿನ, ಅಥವಾ ಕೊಕ್ಕೆಯಾಕಾರದ ಬೋಲ್ಟಿನ ಬೀಗಗಳು ಬರುತ್ತವೆ. ಚೌಕಟ್ಟನ್ನು ಸಲಾಕೆಯಿಂದ ಅಗಲಿಸಿದರೂ ಅವು ಬಿಟ್ಟುಕೊಡುವುದಿಲ್ಲ. ಜೋಡಿ ಬಾಗಿಲಾದರೆ ಸದಾ ಮುಚ್ಚಿರುವ ಕದವನ್ನು ಮೇಲೂ ಕೆಳಗೂ ಬೋಲ್ಟಿನಿಂದ ನೆಲಕ್ಕೂ ತಲೆಪಟ್ಟಿಗೂ ಬಿಗಿಯಬೇಕು. ಆ ಕದವೇ ಅಲುಗಾಡುತ್ತಿದ್ದರೆ ನಡುವಿನ ಬೀಗ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಹೊರಕ್ಕೆ ತೆರೆಯುವ ಹಿಂಬಾಗಿಲಿನ ಹಿಂಜಿನ ಕಡ್ಡಿಗಳು ಹೊರಗೆ ಕಾಣುತ್ತಿದ್ದರೆ, ಕಡ್ಡಿ ಕಳಚಲಾಗದ ಹಿಂಜುಗಳನ್ನು ಹಾಕಿಸಿ.

ಪ್ರಶ್ನೆ: ಕೀಲಿಯ ಮೇಲೆ ನಕಲು ಮಾಡಬಾರದು ಎಂದು ಅಚ್ಚೊತ್ತಿಸಿದರೆ ನೌಕರರು ನಕಲು ಮಾಡಿಸಲಾರರಲ್ಲವೇ?

ಉತ್ತರ: ಮಾಡಿಸಬಲ್ಲರು, ಆ ಅಕ್ಷರಗಳು ಯಾವ ಯಂತ್ರವನ್ನೂ ನಿಲ್ಲಿಸುವುದಿಲ್ಲ. ಕೀಲಿ ಕೈಗೆ ಸಿಗಬೇಕೆಂದೇನೂ ಇಲ್ಲ: 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಸಂಶೋಧಕರು ದೂರದಿಂದ ತೆಗೆದ ಛಾಯಾಚಿತ್ರದಿಂದಲೇ ಕೀಲಿಯ ಹಲ್ಲುಗಳ ಅಳತೆಯನ್ನು ಲೆಕ್ಕಹಾಕಿ ತೋರಿಸಿದ್ದಾರೆ. ಗುರುತಿನ ಕಾರ್ಡು ತೋರಿಸದೆ ಖಾಲಿ ಕೀಲಿ (ಹಲ್ಲು ಕೊರೆಯದ ಕೀಲಿ) ಸಿಗದ, ಪೇಟೆಂಟ್ ರಕ್ಷಣೆಯಿರುವ ಸಿಲಿಂಡರ್ ಹಾಕಿಸಿ, ಮತ್ತು ಕೀಲಿ ಹಿಂತಿರುಗಿಸದೆ ಯಾರಾದರೂ ಕೆಲಸ ಬಿಟ್ಟ ದಿನವೇ ಪಿನ್ನುಗಳನ್ನು ಬದಲಾಯಿಸಿ. ಇದಕ್ಕೆ ಇಡೀ ಬೀಗವನ್ನು ಕಿತ್ತು ಹೊಸದನ್ನು ಹಾಕಬೇಕೆನ್ನುವವರ ಮಾತು ಕೇಳಬೇಡಿ, ಸಿಲಿಂಡರನ್ನಷ್ಟೇ ಬಿಚ್ಚಿ ಪಿನ್ ಬದಲಿಸಿದರೆ ಹಳೆಯ ಕೀಲಿ ಅದಕ್ಕೆ ಹೊಂದುವುದಿಲ್ಲ. ಬೇರೆಯವರು ಬಿಟ್ಟುಹೋದ ಮನೆಗೆ ಹೊಸದಾಗಿ ಹೋಗುವವರೂ ಸಾಮಾನು ಇಳಿಸುವ ಮೊದಲು ಇದನ್ನೇ ಮಾಡಿಸಬೇಕು.