ಪಾದ ಉರಿಯುತ್ತಿದೆ ಅಂತ ಲಿನೆಜೊಲಿಡ್ ಒಂದನ್ನು ಬಿಡಬಹುದಾ?

ತಂಗಿಗೆ ಔಷಧಕ್ಕೆ ಬಗ್ಗದ ಟಿಬಿ, ನಾಲ್ಕು ಔಷಧಗಳ (ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್) ಆರು ತಿಂಗಳ ಕೋರ್ಸು, ಮೂರನೇ ತಿಂಗಳಿಗೆ ಪಾದ ಜೋಮು ಹಿಡಿದು ಉರಿಯುತ್ತಿದೆ, ಲಿನೆಜೊಲಿಡ್ ಬಿಟ್ಟು ಉಳಿದ ಮೂರು ನುಂಗಿದರೆ ಸಾಲದೇ ಅಂತ ಕೇಳಿದ್ದೀರಿ. ಯಾವುದನ್ನು ಬಿಡಲಿ ಅನ್ನುವುದನ್ನು ಮನೆಯಲ್ಲಿ ಕೂತು ತೀರ್ಮಾನಿಸಲೇಬೇಡಿ. ಉರಿ ಶುರುವಾಗಿ ಎಷ್ಟು ದಿನವಾಯಿತು, ಟಿಬಿ ಕೇಂದ್ರದವರಿಗೆ ತಿಳಿಸಿದ್ದೀರಾ? ನಾನು ಕೇಳುವುದು ಅದನ್ನೇ.

ನಾನು ಏಳು ವಾರ ತಿಳಿಸಲಿಲ್ಲ.

2021ರಲ್ಲಿ ನನಗೆ ಕೊಟ್ಟದ್ದು ಹಳೆಯ ಉದ್ದನೆಯ ಕೋರ್ಸು: ಲಿವೊಫ್ಲಾಕ್ಸಾಸಿನ್, ಬೆಡಾಕ್ವಿಲಿನ್, ಲಿನೆಜೊಲಿಡ್, ಕ್ಲೊಫಾಜಿಮಿನ್, ಸೈಕ್ಲೊಸೆರಿನ್, ಒಟ್ಟು 18 ತಿಂಗಳು. ಕ್ಲೊಫಾಜಿಮಿನ್‌ನಿಂದ ಮುಖ ಕಪ್ಪಿಟ್ಟದ್ದು ಊರಿಗೆಲ್ಲ ಕಂಡಿತು. ಕಾಲ್ಬೆರಳ ಜೋಮು ಯಾರಿಗೂ ಕಾಣಲಿಲ್ಲ. ಆಗಷ್ಟೇ ಕಫದ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ನೆಗೆಟಿವ್ ಬಂದಿತ್ತು. ಜೋಮು ಅಂದರೆ ಲಿನೆಜೊಲಿಡ್ ತೆಗೆದುಬಿಡುತ್ತಾರೆ, ಕಾಯಿಲೆ ಮತ್ತೆ ತಲೆ ಎತ್ತುತ್ತದೆ ಅನ್ನೋ ಭಯ. ಆಶಾ ಅಕ್ಕ ಮನೆಗೆ ಬಂದಾಗಲೆಲ್ಲ 'ಏನಾದ್ರೂ ತೊಂದ್ರೆ ಇದೆಯಾ?' ಅಂತ ಕೇಳೋರು. 'ಏನಿಲ್ಲ ಅಕ್ಕಾ' ಅಂತಿದ್ದೆ. ಮೆಡಿಕಲ್ ಸ್ಟೋರಿನಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗಿ, ರಾತ್ರಿ ಪಾದಕ್ಕೆ ಹರಳೆಣ್ಣೆ ತಿಕ್ಕಿ ಮಲಗುತ್ತಿದ್ದೆ. ಒಂದು ದಿನ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಕಳಚಿ ಬಿದ್ದಿದೆ, ನಾನು ಬರಿಗಾಲಲ್ಲಿ ರಸ್ತೆವರೆಗೂ ನಡೆದಿದ್ದೇನೆ, ಗೊತ್ತೇ ಆಗಿಲ್ಲ. ಹಿಂದಿನಿಂದ ಯಾರೋ ಕೂಗಿ ಹೇಳಿದರು. ಅವತ್ತು ಆಸ್ಪತ್ರೆಗೆ ಹೋದೆ.

ಲಿನೆಜೊಲಿಡ್ ರೋಗಾಣುವಿನ ರೈಬೋಸೋಮನ್ನು ಕಟ್ಟಿಹಾಕಿ ಅದಕ್ಕೆ ಪ್ರೋಟೀನ್ ತಯಾರಿಸಲು ಬಿಡುವುದಿಲ್ಲ. ನಮ್ಮ ಜೀವಕೋಶಗಳಿಗೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾದೊಳಗೂ ಹೆಚ್ಚುಕಡಿಮೆ ಅದೇ ಬಗೆಯ ರೈಬೋಸೋಮ್ ಇದೆ, ಅದಕ್ಕೂ ಪೆಟ್ಟು ಬೀಳುತ್ತದೆ. ಶಕ್ತಿ ಮೊದಲು ಸಾಲದಾಗುವುದು ಅತಿ ಉದ್ದದ ನರಗಳ ತುದಿಗೆ, ಅಂದರೆ ಪಾದಕ್ಕೆ. ಜೋಮು ಬರೀ ಬೆರಳಲ್ಲಿರುವಾಗ ಡೋಸ್ ಇಳಿಸಿದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಕಣಕಾಲಿಗೆ ಏರಿದ ಮೇಲೆ ಎಷ್ಟೋ ಸಲ ಅದು ಹಾಗೇ ಉಳಿದುಬಿಡುತ್ತದೆ. ನನ್ನದು ಉಳಿದುಬಿಟ್ಟಿದೆ. ಕಳೆದ ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದು ನೋಡಿದರೆ ಎರಡೂ ಅಂಗಾಲಲ್ಲಿ ಬೊಬ್ಬೆ. ಬಿಸಿಯೇ ತಟ್ಟಿರಲಿಲ್ಲ.

ಹಾಗಂತ ತಂಗಿಗೆ ನೀವಾಗಿಯೇ ನಿಲ್ಲಿಸಿದರೆ ಅದು ಇನ್ನೊಂದು ಅಪಾಯ. ಸಾಮಾನ್ಯ ಟಿಬಿಗೆ ಕೊಡುವ ಎರಡು ಔಷಧಗಳನ್ನೇ ನೋಡಿ: ರೋಗಾಣುಗಳಲ್ಲಿ ಐಸೋನಿಯಾಜಿಡ್‌ಗೆ ಬಗ್ಗದವು ಸುಮಾರು 10 ಲಕ್ಷಕ್ಕೆ ಒಂದು ತಾವಾಗಿಯೇ ಹುಟ್ಟುತ್ತವೆ, ರಿಫಾಂಪಿಸಿನ್‌ಗೆ ಬಗ್ಗದವು 10 ಕೋಟಿಗೆ ಒಂದು. ಎರಡಕ್ಕೂ ಒಟ್ಟಿಗೆ ಬಗ್ಗದ್ದು ಹುಟ್ಟುವುದು ತೀರಾ ಅಪರೂಪ. ಹಲವು ಔಷಧ ಒಟ್ಟಿಗೆ ಕೊಡುವುದು ಅದಕ್ಕೇ. ಇನ್ನು ಬೆಡಾಕ್ವಿಲಿನ್ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುವ ಔಷಧ, ಅದರ ಅರ್ಧಾಯುಷ್ಯವೇ (ಮೈಯಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಸುಮಾರು ಐದೂವರೆ ತಿಂಗಳು. ಜೊತೆಯವನ್ನು ಬಿಡುತ್ತಾ ಹೋದರೆ ಕೊನೆಗೆ ಅದೊಂದೇ ರೋಗಾಣುವಿನ ಎದುರು ನಿಂತಿರುತ್ತದೆ. ರೋಗಾಣು ಅದಕ್ಕೂ ಪಳಗಿಬಿಟ್ಟರೆ ಮುಂದಿನ ದಾರಿ ಬಹಳ ಕಷ್ಟ.

ಜೆನಿಕ್ಸ್ ಅನ್ನುವ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತಂಗಿಯ ನಾಲ್ಕು ಔಷಧಗಳಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಅದರಲ್ಲಿ ಇರಲಿಲ್ಲ, ಉಳಿದ ಮೂರಿದ್ದವು. ಲಿನೆಜೊಲಿಡ್ ದಿನಕ್ಕೆ 1200 ಮಿ.ಗ್ರಾಂ.ನಂತೆ 26 ವಾರ ತೆಗೆದುಕೊಂಡವರಲ್ಲಿ ಶೇ. 93 ಜನಕ್ಕೆ ಚಿಕಿತ್ಸೆ ಫಲಿಸಿತು, ಶೇ. 38 ಜನಕ್ಕೆ ನರದ ತೊಂದರೆ ಬಂತು. 600 ಮಿ.ಗ್ರಾಂ. 26 ವಾರ ತೆಗೆದುಕೊಂಡವರಲ್ಲಿ ಇವು ಶೇ. 91 ಮತ್ತು 24. ಅದೇ 600 ಅನ್ನು 9 ವಾರಕ್ಕೇ ನಿಲ್ಲಿಸಿದವರಲ್ಲಿ ನರದ ತೊಂದರೆ ಶೇ. 13ಕ್ಕೆ ಇಳಿಯಿತು, ಆದರೆ ಚಿಕಿತ್ಸೆ ಫಲಿಸಿದ್ದು ಶೇ. 84 ಜನಕ್ಕೆ. ಬೇಗ ಬಿಟ್ಟರೆ ಕಾಲು ಉಳಿಯಬಹುದು, ಶ್ವಾಸಕೋಶಕ್ಕೆ ನಷ್ಟ. ಈ ಲೆಕ್ಕ ಹಾಕಬೇಕಾದವರು ಡಿಆರ್-ಟಿಬಿ (ಔಷಧಕ್ಕೆ ಬಗ್ಗದ ಟಿಬಿ) ಕೇಂದ್ರದ ವೈದ್ಯರು. ಕೆಲವು ದಿನ ತಡೆಹಿಡಿಯುವುದು, 300ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸುವುದು, ಮೂರೂ ಅವರ ಕೈಯಲ್ಲಿವೆ. ನನ್ನ ಭಯ ಸುಳ್ಳಾಗಿತ್ತು: ನನಗೆ ಇಳಿಸಿದರೇ ಹೊರತು ತೆಗೆಯಲಿಲ್ಲ.

ಇವತ್ತು ರಾತ್ರಿಯೇ ತಂಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯನ್ನು ಹೆಬ್ಬೆರಳಿಂದ ಮೇಲಕ್ಕೆ ಅಲ್ಲಲ್ಲಿ ಮುಟ್ಟಿಸಿ, ಎಲ್ಲಿಂದ ಗೊತ್ತಾಗುತ್ತದೆ ಅಂತ ಕೇಳಿ ಬರೆದಿಡಿ. ಕೇಂದ್ರದಲ್ಲಿ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಗಂಟಿಗೆ ಇಟ್ಟು ನೋಡುತ್ತಾರೆ. ಕಂಪನ 10 ಸೆಕೆಂಡಿಗಿಂತ ಮೊದಲೇ ನಿಂತಂತೆ ಅನಿಸಿದರೆ ನರ ಸೋತಿದೆ ಅಂತ ಲೆಕ್ಕ. ಸಕ್ಕರೆ ಕಾಯಿಲೆ, ಬಿ12 ಕೊರತೆ ಇದೆಯಾ ಅಂತಲೂ ನೋಡಿಸಿ. ಕೆಂಪು ಬಣ್ಣ ಮಾಸಿದಂತೆ ಕಂಡರೆ, ಅಕ್ಷರ ಮಸುಕಾದರೆ ಮಾತ್ರ ನಾಳೆಗೆ ಇಡಬೇಡಿ, ಅದು ಕಣ್ಣಿನ ನರ. ಅವತ್ತೇ ಕರೆದುಕೊಂಡು ಹೋಗಿ.

ಹತ್ತಿರದ ಕ್ಲಿನಿಕ್ಕಿನಲ್ಲಿ ಉರಿಗೆ ಅಂತ ಅಮಿಟ್ರಿಪ್ಟಿಲಿನ್ ಅಥವಾ ಟ್ರಮಡಾಲ್ ಬರೆದುಕೊಟ್ಟರೆ ಟಿಬಿ ವೈದ್ಯರನ್ನು ಕೇಳದೆ ಕೊಡಬೇಡಿ. ಲಿನೆಜೊಲಿಡ್ ಜೊತೆ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಅನ್ನುವ, ನರಗಳ ಸಂದೇಶ ಸಾಗಿಸುವ ರಾಸಾಯನಿಕ ವಿಪರೀತವಾಗಿ ನಡುಕ, ಜ್ವರ, ಗಲಿಬಿಲಿ ಬರಬಹುದು. ಅಮಿಟ್ರಿಪ್ಟಿಲಿನ್ ಸಾಲದ್ದಕ್ಕೆ ಇಸಿಜಿಯ ಕ್ಯೂಟಿ ಅವಧಿಯನ್ನೂ (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ) ಹಿಗ್ಗಿಸುತ್ತದೆ, ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಮೊದಲೇ ಮಾಡುತ್ತಿರುವ ಕೆಲಸ ಅದು. ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ರಕ್ತ ಕಡಿಮೆಯಾಗಿದೆ ಅಂತ ಕಬ್ಬಿಣದ ಮಾತ್ರೆಯನ್ನು ಇವುಗಳ ಜೊತೆಗೇ ನುಂಗಿಸಿದರೆ ಮಾಕ್ಸಿಫ್ಲಾಕ್ಸಾಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣವಾಗಲಿ ಆಂಟಾಸಿಡ್ ಆಗಲಿ, ಮಾಕ್ಸಿ ನುಂಗಿ ಕನಿಷ್ಠ 4 ಗಂಟೆ ಕಳೆದಿರಬೇಕು. ಮೂರನೇ ತಿಂಗಳಾದ್ದರಿಂದ ಬೆಡಾಕ್ವಿಲಿನ್ ವಾರಕ್ಕೆ ಮೂರು ದಿನ, 100ರ ಎರಡೆರಡು ಮಾತ್ರೆ, ಇರಬೇಕು. ಅದನ್ನೂ ಪ್ರಿಟೋಮನಿಡನ್ನೂ ಊಟದ ಜೊತೆಗೇ ಕೊಡಿ. ಖಾಲಿ ಹೊಟ್ಟೆಯಲ್ಲಿ ಬೆಡಾಕ್ವಿಲಿನ್ ರಕ್ತಕ್ಕೆ ಸೇರುವುದು ಅರ್ಧದಷ್ಟೇ.

ಮುಂದಿನ ತಿಂಗಳ ತಪಾಸಣೆಗೆ ಕಾಯಬೇಡಿ. ಖಾಲಿಯಾದ ಸ್ಟ್ರಿಪ್ಪುಗಳು, ಹೊರಗಿನಿಂದ ತಂದ ಮಾತ್ರೆಗಳಿದ್ದರೆ ಅವು, ಜೋಮು ಶುರುವಾದ ತಾರೀಖು ಇಷ್ಟನ್ನೂ ಹಿಡಿದು ನಾಳೆ ಬೆಳಿಗ್ಗೆಯೇ ಹೊರಡಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1800-11-6666ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟಿಬಿ ಸಹಾಯವಾಣಿ. ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದು ಹಾಕಿಸಿ.