ನೀವು ಕೇಳಿದ್ದು: ಸಭೆಯಲ್ಲಿ ನಮ್ಮೂರಿನವರೇ ಸಿಕ್ಕರೆ?

ಪ್ರಶ್ನೆ: ನನಗೆ 41 ವರ್ಷ. ಜಗಳೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ಹದಿನೈದು ವರ್ಷ ಕುಡಿದೆ. ಕೊನೆಕೊನೆಗೆ ಅಂಗಡಿ ಬಾಗಿಲು ತೆಗೆಯೋ ಮೊದಲೇ ಒಂದು ತೊಂಬತ್ತು ಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದೆ, ಈಗ 23 ದಿನದಿಂದ ಮುಟ್ಟಿಲ್ಲ. ಕುಡಿತ ಬಿಟ್ಟವರ ಸಭೆಗೆ ಹೋಗಿ ಅಂತ ಡಾಕ್ಟರು ಹೇಳಿದ್ದಾರೆ. ಎಲ್ಲಿ ಅಂತ ಹುಡುಕಲಿ? ಪರಿಚಯದವರು ಸಿಕ್ಕರೆ ಮಾನ ಹೋಗಲ್ವಾ? ಅದು ಚರ್ಚಿನವರದ್ದು ಅಂತ ಬೇರೆ ಯಾರೋ ಹೇಳಿದರು.
— ಹೆಸರು ಬೇಡ, ಜಗಳೂರು

ಉತ್ತರ: ಮಾನದ ವಿಷಯ ಮೊದಲು ಮುಗಿಸಿಬಿಡೋಣ. ಹದಿನೈದು ವರ್ಷ ನಿಮ್ಮ ಬೈಕು ಬಾರಿನ ಮುಂದೆ ನಿಂತಿದ್ದನ್ನು ಊರೆಲ್ಲ ನೋಡಿದೆ, ಬೇಜಾರು ಮಾಡ್ಕೋಬೇಡಿ. ಇನ್ನು ಸಭೆಯಲ್ಲಿ ಪರಿಚಯದವರು ಸಿಕ್ಕರು ಅಂದುಕೊಳ್ಳಿ, ಅವರೇನು ಅಲ್ಲಿಗೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಬಂದಿರ್ತಾರಾ? ನನ್ನ ಸೋದರಮಾವ ಮೊದಲ ಸಲ ಹೋದಾಗ ಒಳಗೆ ಕೂತಿದ್ದವರು ಅವನಿಗೆ ಹೈಸ್ಕೂಲಲ್ಲಿ ಗಣಿತ ಕಲಿಸಿದ ಮೇಷ್ಟ್ರು. 'ನೀನೂನಾ?' ಅಂದರಂತೆ. 'ಹೂಂ ಸಾರ್, ನೀವೂನಾ?' ಅಂದನಂತೆ. ಅವತ್ತು ಇಬ್ಬರೂ ನಕ್ಕಿದ್ದು ಬಿಟ್ಟರೆ ಆ ಮಾತು ಆ ಕೋಣೆ ದಾಟಿಲ್ಲ. ನನಗೂ ಮಾವ ಹೇಳಿದ್ದು ಮೇಷ್ಟ್ರು ತೀರಿಕೊಂಡ ಮೇಲೆ, ಅದೂ ಹೆಸರು ಬಿಟ್ಟು.

ಡಾಕ್ಟರು ಹೇಳಿರೋದು ಬಹುಶಃ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸ್ವತಃ ಡಾಕ್ಟರು, ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಸೇರೋಕೆ ಒಂದೇ ಷರತ್ತು: ಕುಡಿತ ಬಿಡಬೇಕು ಅನ್ನೋ ಆಸೆ. ಫೀಸು ಇಲ್ಲ. ಕೊನೆಗೆ ಒಂದು ಡಬ್ಬಿ ಸುತ್ತು ಬರಬಹುದು, ಬಾಡಿಗೆ ಮತ್ತು ಚಹಾ ಖರ್ಚಿಗೆ. ಹಾಕದಿದ್ದರೂ ಯಾರೂ ಕೇಳಲ್ಲ. ಸಭೆ ಕೆಲವು ಕಡೆ ಚರ್ಚಿನ ಕೋಣೆಯಲ್ಲಿ, ಕೆಲವು ಕಡೆ ಶಾಲೆಯಲ್ಲಿ ನಡೆಯುತ್ತೆ, ಜಾಗ ಸಿಕ್ಕಲ್ಲಿ ಅಷ್ಟೇ. ದೇವರ ಮಾತು ಬರುತ್ತೆ, ನಿಜ. ಆದರೆ ಯಾವ ದೇವರು ಅನ್ನೋದು ನಿಮಗೆ ಬಿಟ್ಟದ್ದು. ನಿಮ್ಮ ಮನೆದೇವರೇ ಆಗಬಹುದು.

ಹುಡುಕೋದು ಹೇಗೆ ಅಂದರೆ, ನೀವು ಇದ್ದು ಬಂದ ಆಸ್ಪತ್ರೆಯ ಆಪ್ತಸಮಾಲೋಚಕರನ್ನೇ ಮೊದಲು ಕೇಳಿ, ಅವರ ಹತ್ತಿರ ಸಾಮಾನ್ಯವಾಗಿ ಹಳೇ ಸದಸ್ಯರ ನಂಬರು ಇರುತ್ತೆ. ಇಲ್ಲಾಂದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ದುರ್ಗದ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲೂ ಸಹಾಯವಾಣಿ ಇದೆ. ಹೊರಡೋ ಮೊದಲು ಒಂದು ಫೋನ್ ಮಾಡಿ, ಯಾಕಂದರೆ ಜಾಗ, ಸಮಯ ಬದಲಾಗ್ತಾ ಇರುತ್ತೆ. ಮೂರು ವಿಷಯ ಕೇಳಿ: ಕನ್ನಡದಲ್ಲಿ ಮಾತಾಡ್ತಾರಾ, ಮನೆಯವರನ್ನೂ ಬಿಡೋ 'ಓಪನ್' ಸಭೆನಾ ಇಲ್ಲಾ ಕುಡಿತದವರಿಗೆ ಮಾತ್ರದ 'ಕ್ಲೋಸ್ಡ್' ಸಭೆನಾ, ಎಷ್ಟು ಹೊತ್ತಿಗೆ ಮುಗಿಯುತ್ತೆ. ಸಭೆಗಳು ಹೆಚ್ಚಾಗಿ ಸಂಜೆ, ಜಗಳೂರಿನ ಕೊನೇ ಬಸ್ಸು ನಿಮಗೆ ತಪ್ಪಬಾರದು. ನಿಮ್ಮ ಗೊಬ್ಬರದ ಡೀಲರುಗಳೆಲ್ಲ ದಾವಣಗೆರೆಯಲ್ಲಿದ್ದು ಮುಜುಗರ ಅನಿಸಿದರೆ ದುರ್ಗದ ಕಡೆ ವಿಚಾರಿಸಿ. ಜಗಳೂರಿಗೆ ಎರಡೂ ದಾರಿ ಇದೆ, 1997ರವರೆಗೆ ನೀವು ದುರ್ಗ ಜಿಲ್ಲೆಯವರೇ ತಾನೆ.

ಮೊದಲ ದಿನ ಸುಮ್ನೆ ಕೂತು ಕೇಳಿ. ಮಾತಾಡಲೇಬೇಕು ಅಂತಿಲ್ಲ. ಹಳಬರು ಹೇಳೋದು, ಮೊದಲ 90 ದಿನಕ್ಕೆ 90 ಸಭೆ. ನಿಮ್ಮ ಬೆಳಗಿನ ಆ ತೊಂಬತ್ತಿಗೆ ಸರಿಜೋಡಿ! ಅಂಗಡಿ ಬಿಟ್ಟು ದಿನಾ ಬಸ್ಸು ಹತ್ತೋಕೆ ಆಗಲ್ಲ, ಗೊತ್ತು. ವಾರಕ್ಕೆ ಒಂದೆರಡು ಸಲ ಹೋಗಿ, ಉಳಿದ ದಿನ ಮೊಬೈಲಲ್ಲಿ ನಡೆಯೋ ಆನ್‌ಲೈನ್ ಸಭೆಗೆ ಕೂತ್ಕೊಳ್ಳಿ. ಒಬ್ಬ ಹಳಬರ ನಂಬರು ಮಾತ್ರ ಇಸ್ಕೊಂಡು ಬನ್ನಿ, ಸಂಜೆ ಏಳಕ್ಕೆ ಬಾಯಿ ಚಪ್ಪರಿಸಿದಾಗ ಬೇಕಾಗೋದು ಅದೇ. ರಾತ್ರಿ ಯಾರೂ ಸಿಗದಿದ್ದರೆ 14416, ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಕಸ್ಮಾತ್ ಜಾರಿ ಮತ್ತೆ ದಿನಾ ಕುಡಿಯೋಕೆ ಶುರುವಾದರೆ ಮನೆಯಲ್ಲೇ ದಿಢೀರನೆ ನಿಲ್ಲಿಸೋಕೆ ಹೋಗಬೇಡಿ. ಕೈ ನಡುಕದಲ್ಲೇ ಮುಗಿಯಲ್ಲ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸೋ ಮಾತ್ರೆ ಹಾಕು ಅಂತ ನಮ್ಮತ್ತೆ ಹಿಡಿದುಕೊಂಡಿದ್ದಾರೆ. ಹಾಕಲಾ?
— ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ಖಂಡಿತ ಬೇಡಮ್ಮ. ಅದು ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಅಪಾಯ. ಕೊನೇ ಮಾತ್ರೆ ತಗೊಂಡು ಎರಡು ವಾರದವರೆಗೂ ಹೀಗಾಗಬಹುದು. ಡಾಕ್ಟರು ಪರೀಕ್ಷೆ ಮಾಡಿ, ಕುಡಿಯೋನಿಗೆ ಹೇಳಿ, ಅವನು ಒಪ್ಪಿದ ಮೇಲೆ ಕೊಡೋ ಮಾತ್ರೆ ಅದು. ಅತ್ತೆಗೆ ಈ ಪುಟ ತೋರಿಸಿ. ಅವರು ಬರಲಿ ಬಿಡಲಿ, ನೀವೊಬ್ಬರೇ ಆದರೂ ಹೋಗಬಹುದಾದ ಸಭೆ ಇದೆ, ಅಲ್-ಅನಾನ್ ಅಂತ. ಕುಡಿಯುವವರ ಮನೆಯವರಿಗಾಗಿಯೇ ಇರೋದು. ಮೇಲೆ ಹೇಳಿದ ಕಡೆಯಲ್ಲೇ ವಿಚಾರಿಸಿ. ಗಂಡ ಬಿಡುವವರೆಗೆ ಕಾಯಬೇಕಿಲ್ಲ.