ಅತ್ತೆ ಹಾಸಿಗೆ ಹಿಡಿದಿದ್ದಾರೆ, ಸಭೆಯ (ಚರ್ಚಿನ) ಸೇವೆ ಬಿಡಬಹುದೇ?

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ. ನನಗೆ 42. ಭಾನುವಾರ ಸಂಡೇ ಸ್ಕೂಲ್, ಮಂಗಳವಾರ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ಶುಕ್ರವಾರ ಸ್ತ್ರೀಯರ ಪ್ರಾರ್ಥನಾ ಕೂಟ, ಮೂರೂ ನನ್ನ ಮೇಲಿವೆ. ಮಾವ ಇಲ್ಲ. ಆರು ತಿಂಗಳ ಹಿಂದೆ ಅತ್ತೆಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಯಿತು. ‘ಮೊದಲು ಅಮ್ಮನನ್ನು ನೋಡು, ಆಮೇಲೆ ಚರ್ಚು’ ಅಂತಾರೆ ಯಜಮಾನರು. ಕೂಟದವರು ‘ನೇಗಿಲಿಗೆ ಕೈ ಹಾಕಿ ಹಿಂದೆ ನೋಡಬಾರದು’ ಅಂತಾರೆ. ರಾತ್ರಿ ನಿದ್ದೆಯೇ ಇಲ್ಲ. ನಾನು ಏನು ಮಾಡಲಿ?

ಉತ್ತರ: ಸಹೋದರಿ, ಅತ್ತೆಯ ಮಗ್ಗುಲು ಬದಲಿಸುವುದೂ ದೇವರ ಸೇವೆಯೇ. ನೇಗಿಲಿನ ಮಾತು (ಬೈಬಲಿನ ಲೂಕ 9:62) ಯೇಸುವನ್ನು ಹಿಂಬಾಲಿಸುವ ನಿರ್ಧಾರದ ಬಗ್ಗೆ ಬಂದದ್ದು, ಕೂಟದ ಜವಾಬ್ದಾರಿಯ ಬಗ್ಗೆ ಅಲ್ಲ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಅದೇ ಯೇಸು ಗದರಿಸಿದ್ದು ಮಾರ್ಕ 7ರಲ್ಲಿದೆ. ಕೂಟದವರು ಅದನ್ನೂ ಓದಲಿ.

ನಿಮ್ಮ ಯಜಮಾನರಿಗೂ ಒಂದು ವಚನವಿದೆ. 1 ತಿಮೊಥೆಯ 5:4 ವಿಧವೆಯ ಹೊಣೆಯನ್ನು ಮೊದಲು ಆಕೆಯ ಮಕ್ಕಳು, ಮೊಮ್ಮಕ್ಕಳಿಗೆ ಹೊರಿಸುತ್ತದೆ. ‘ಅಮ್ಮನನ್ನು ನೋಡು’ ಎನ್ನುವ ಮಗ ತಾನೂ ನೋಡಬೇಕು. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸಬೇಕು. ಸೊಂಟದ ಹಿಂಭಾಗ ಮತ್ತು ಹಿಮ್ಮಡಿಯನ್ನು ದಿನಾ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಉಜ್ಜಬೇಡಿ, ಅಲ್ಲಿ ಭಾರ ಬೀಳದಂತೆ ಮಲಗಿಸಿ ವೈದ್ಯರಿಗೆ ತೋರಿಸಿ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ, ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನುಂಗುವಾಗ ಪದೇ ಪದೇ ಕೆಮ್ಮಿದರೆ ಅನ್ನ ನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ತಡಮಾಡದೆ ವೈದ್ಯರಿಗೆ ಹೇಳಿ. ಇಷ್ಟನ್ನು ಒಬ್ಬಳೇ ಹೆಂಗಸು ಹಗಲೂ ರಾತ್ರಿ ಮಾಡಿದರೆ ಅವಳೇ ಹಾಸಿಗೆ ಹಿಡಿಯುತ್ತಾಳೆ. ರಾತ್ರಿ ಎರಡು ಗಂಟೆಯವರೆಗಿನ ಸರದಿ ಯಜಮಾನರದು, ಅಲ್ಲಿಂದ ಬೆಳಗಿನವರೆಗೆ ನಿಮ್ಮದು ಎಂದು ಇವತ್ತೇ ಮಾತಾಡಿಕೊಳ್ಳಿ.

ಸಭೆಯ ಮೂರು ಕೆಲಸಗಳಲ್ಲಿ ಸಂಡೇ ಸ್ಕೂಲ್ ಉಳಿಸಿಕೊಳ್ಳಿ. ಒಂದು ಗಂಟೆಯ ಕೆಲಸ, ಯಜಮಾನರಿಗೂ ಅವತ್ತು ರಜೆ. ಉಳಿದೆರಡನ್ನು ವಹಿಸಿಕೊಡಿ. ‘ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ’ ಎಂದು ಮೋಶೆಗೆ ಅವನ ಮಾವ ಹೇಳಿದ್ದು (ವಿಮೋಚನಕಾಂಡ 18) ಇಂಥ ಹೊತ್ತಿಗೇ. ‘ಸ್ವಲ್ಪ ದಿನ ಬರೋದಿಲ್ಲ’ ಎಂದು ಬಾಯಿಮಾತಲ್ಲಿ ಹೇಳಿದರೆ ಕೆಲಸ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಯಾವ ತಾರೀಖಿನಿಂದ ಬಿಡುತ್ತೀರಿ ಎಂದು ಸಭಾಪಾಲಕರಿಗೆ (ಪಾಸ್ಟರಿಗೆ) ಬರೆದುಕೊಡಿ.

ಆಸ್ಪತ್ರೆ ಭೇಟಿಗೆ ಇಬ್ಬರನ್ನು ಹುಡುಕಿ, ಒಬ್ಬರಿಗೆ ಬರಲಾಗದಿದ್ದರೆ ಇನ್ನೊಬ್ಬರಾದರೂ ಹೋಗುತ್ತಾರೆ. ಎರಡು ಮಂಗಳವಾರ ಜೊತೆಗೆ ಕರೆದುಕೊಂಡು ಹೋಗಿ ಕಲಿಸಿ: ಮೊದಲು ನರ್ಸನ್ನು ಕೇಳಬೇಕು, ಕೈ ತೊಳೆದುಕೊಳ್ಳಬೇಕು, ಹಾಸಿಗೆ ಮೇಲೆ ಕೂರಬಾರದು, ಕಾಯಿಲೆ ಏನೆಂದು ಕೆದಕಬಾರದು, ತಿನ್ನಲು ಏನೂ ಕೊಡಬಾರದು, ಒಪ್ಪಿದರೆ ಮಾತ್ರ ಪ್ರಾರ್ಥನೆ, ಹತ್ತು ನಿಮಿಷಕ್ಕೆ ಎದ್ದುಬಿಡಬೇಕು. ಮೂರನೆಯ ಮಂಗಳವಾರ ನೀವು ಹೋಗಬೇಡಿ. ಕೆಲಸ ಕೆಡುವುದು ಇಲ್ಲೇ: ಅವರು ಏನೋ ಬೇರೆ ರೀತಿ ಮಾಡುತ್ತಾರೆ, ಯಾರೋ ನಿಮಗೆ ಫೋನ್ ಮಾಡಿ ದೂರುತ್ತಾರೆ, ನೀವು ಹೋಗಿ ಮತ್ತೆ ಹೊತ್ತುಕೊಳ್ಳುತ್ತೀರಿ. ದೂರಿದವರನ್ನು ಆ ಇಬ್ಬರ ಹತ್ತಿರವೇ ಕಳಿಸಿ.

ಕೂಟದವರಿಗೂ ಕೆಲಸ ಕೊಡಿ. ‘ಪ್ರಾರ್ಥಿಸಿ’ ಎಂದಷ್ಟೇ ಹೇಳಿದರೆ ಅವರು ಬಿಸ್ಕತ್ತು ಹಿಡಿದು ಗುಂಪಾಗಿ ಬರುತ್ತಾರೆ, ಕಾಫಿ ಮಾಡುವುದು ನೀವೇ. ‘ಶುಕ್ರವಾರ ನಾಲ್ಕರಿಂದ ಆರರವರೆಗೆ ಅತ್ತೆಯ ಪಕ್ಕ ಒಬ್ಬರು ಕೂರಬೇಕು’ ಎಂದು ನೇರ ಕೇಳಿ. ಒಬ್ಬರ ಭಾರ ಒಬ್ಬರು ಹೊರಬೇಕೆಂಬುದು (ಗಲಾತ್ಯ 6:2) ನಿಮಗೂ ಸಲ್ಲುತ್ತದೆ, ಕೇಳಲು ನಾಚಿಕೊಳ್ಳಬೇಡಿ. ಆ ಎರಡು ಗಂಟೆ ಬಟ್ಟೆ ಒಗೆಯಬೇಡಿ, ಮಲಗಿ. ಸರದಿ ಶುರುವಾದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ ಹಿಮ್ಸ್ (ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಿ, ಅತ್ತೆಯ ಔಷಧಿ ತರಲು ಹೋದಾಗ ನಿಮಗೂ ಒಂದು ಚೀಟಿ ಮಾಡಿಸಿ.